ಗೋಡೆ ಕ್ಯಾಲೆಂಡರಿನ ಹನ್ನೊಂದು ಗುರುತುಗಳು: ಡಿಟಿಪಿ ಅಂಗಡಿಯ ಕಂಪ್ಯೂಟರೊಂದು ಪದೇಪದೇ ಕ್ರ್ಯಾಶ್ ಆದ ಪ್ರಕರಣ

ಶಿರಸಿ ಪೇಟೆಯ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್ 2025ರ ಮಾರ್ಚ್ ತಿಂಗಳಿನಿಂದ ಹೊತ್ತುಗೊತ್ತಿಲ್ಲದೆ ಆಫ್ ಆಗಿ ತಾನಾಗಿಯೇ ಆನ್ ಆಗುತ್ತಿತ್ತು. ಒಮ್ಮೊಮ್ಮೆ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಕಣ್ಣಿಗೆ ಬಿದ್ದು ಓದುವಷ್ಟರಲ್ಲಿ ಮರೆಯಾಗುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲದೆ ಮಾನಿಟರ್ ಏಕಾಏಕಿ ಕಪ್ಪಾಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಏನೂ ಆಗದ ದಿನಗಳಿದ್ದವು, ಒಂದೇ ಗಂಟೆಯಲ್ಲಿ ಎರಡು ಸಲ ಹೋದ ದಿನಗಳೂ ಇದ್ದವು. ಲಗ್ನಪತ್ರಿಕೆಗಳ ಸುಗ್ಗಿಯಲ್ಲಿ ಪ್ರೂಫ್ ನೋಡಲು ಬಂದ ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಅದೇ ಮ್ಯಾಟರನ್ನು ಎರಡನೇ ಸಲ ಟೈಪ್ ಮಾಡುವ ಸ್ಥಿತಿ ಬಂದಿತ್ತು. ನನ್ನ ಕೈಗೆ ಬರುವ ಮೊದಲು ಆ ಯಂತ್ರಕ್ಕೆ ಎರಡು ತಿಂಗಳಲ್ಲಿ ಮೂರು ಬಾರಿ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಲಾಗಿತ್ತು. ಪ್ರತಿಸಲವೂ ಮೂರ್ನಾಲ್ಕು ದಿನ ಸರಿಯಿದ್ದು ಮತ್ತೆ ಅದೇ ಪಾಡು.

ಯಂತ್ರ ವಿಶೇಷವಾದದ್ದೇನೂ ಅಲ್ಲ. ಇಂಟೆಲ್ ಕೋರ್ ಐ5-9400 ಪ್ರೊಸೆಸರ್, ಎರಡು ರ್‍ಯಾಮ್ ಸ್ಲಾಟ್‌ಗಳಿರುವ ಎಚ್310 ಮದರ್‌ಬೋರ್ಡ್, 256 ಜಿಬಿಯ ಎಸ್‌ಎಸ್‌ಡಿ, 450 ವ್ಯಾಟ್‌ನ ಎಸ್‌ಎಂಪಿಎಸ್ (ಯಂತ್ರದ ಭಾಗಗಳಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ), ವಿಂಡೋಸ್ 10. ಕೊಂಡಾಗ ಇದ್ದದ್ದು 8 ಜಿಬಿಯ ಒಂದೇ ರ್‍ಯಾಮ್. ಫ್ಲೆಕ್ಸ್ ಡಿಸೈನ್‌ಗಳು ದೊಡ್ಡದಾಗುತ್ತಿದ್ದಂತೆ ಫೆಬ್ರುವರಿಯಲ್ಲಿ ಬೇರೆ ಕಂಪನಿಯ ಇನ್ನೊಂದು 8 ಜಿಬಿ ರ್‍ಯಾಮನ್ನು ಪಕ್ಕದ ಸ್ಲಾಟ್‌ಗೆ ಹಾಕಿಸಿದ್ದರು. ಮಾರ್ಚಿನಲ್ಲಿ ರೂಟರನ್ನು ಹಿಂದಿನ ಕೋಣೆಗೆ ಒಯ್ದದ್ದರಿಂದ ಯುಎಸ್‌ಬಿಗೆ ಚುಚ್ಚುವ ಒಂದು ಅಗ್ಗದ ವೈಫೈ ಡಾಂಗಲ್ ಬಂದಿತ್ತು. ಏಪ್ರಿಲ್ ನಡುವಿನಲ್ಲಿ ಅಂಗಡಿಯ ಇನ್ವರ್ಟರಿಗೆ ಹೊಸ ಬ್ಯಾಟರಿ ಹಾಕಲಾಗಿತ್ತು. ಈ ಮೂರು ಸಂಗತಿಗಳನ್ನು ಯಾರೂ ನನಗೆ ಒಟ್ಟಿಗೆ ಹೇಳಲಿಲ್ಲ. ‘ಹೊಸದಾಗಿ ಏನು ಸೇರಿಸಿದ್ದೀರಿ’ ಎಂದು ಕೇಳಿದಾಗ ಯಜಮಾನರಿಗೆ ನೆನಪಾದದ್ದು ರ್‍ಯಾಮ್ ಮಾತ್ರ. ಡಾಂಗಲ್ ಅವರ ಲೆಕ್ಕದಲ್ಲಿ ಕಂಪ್ಯೂಟರಿನ ಭಾಗವಲ್ಲ, ಇನ್ವರ್ಟರಂತೂ ಇಲೆಕ್ಟ್ರಿಷಿಯನ್ನರ ಖಾತೆ.

ಅಂಗಡಿಯಲ್ಲಿ ಅಷ್ಟರಲ್ಲಿ ನಾನಾ ತೀರ್ಪುಗಳು ಹೊರಬಿದ್ದಿದ್ದವು. ವೈರಸ್ ಎಂದು ಒಬ್ಬರು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹೊಸ ವಿಂಡೋಸಿಗೆ ಹೊಂದುವುದಿಲ್ಲವೆಂದು ಇನ್ನೊಬ್ಬರು, ಎಸ್‌ಎಂಪಿಎಸ್ ಹೋಗಿದೆಯೆಂದು ಮತ್ತೊಬ್ಬರು. ನುಡಿಯ ಮೇಲಿನ ಆರೋಪವನ್ನು ಮಾತ್ರ ಅಲ್ಲೇ ತೆಗೆದುಹಾಕಿದೆ. ಬಳಕೆದಾರರ ಮಟ್ಟದಲ್ಲಿ ಓಡುವ ತಂತ್ರಾಂಶ ತಪ್ಪು ಮಾಡಿದರೆ ಸಾಮಾನ್ಯವಾಗಿ ಆ ತಂತ್ರಾಂಶವಷ್ಟೇ ಮುಚ್ಚಿಕೊಳ್ಳುತ್ತದೆ. ಇಡೀ ವಿಂಡೋಸನ್ನು ನೀಲಿ ಪರದೆಗೆ ತಳ್ಳಬೇಕಾದರೆ ತಪ್ಪು ಅದಕ್ಕಿಂತ ಕೆಳಗೆ, ಅಂದರೆ ವಿಂಡೋಸಿನ ತಿರುಳಾದ ಕರ್ನಲ್‌ನಲ್ಲೋ ಅದರೊಳಗೆ ಕುಳಿತು ಒಂದೊಂದು ಸಾಧನವನ್ನು ನಡೆಸುವ ಡ್ರೈವರ್‌ನಲ್ಲೋ ಅಥವಾ ಇವೆರಡನ್ನೂ ಹೊತ್ತ ಹಾರ್ಡ್‌ವೇರ್‌ನಲ್ಲೋ ಇರಬೇಕು.

ಏಪ್ರಿಲ್ 27ರಂದು ಮೊದಲ ಸಲ ಹೋದಾಗ ನಾನು ಯಂತ್ರವನ್ನು ಬಿಚ್ಚಲೇ ಇಲ್ಲ. ಎರಡು ಕೆಲಸ ಮಾತ್ರ ಮಾಡಿದೆ. ಕ್ರ್ಯಾಶ್ ಆದ ಕೂಡಲೆ ತಾನಾಗಿ ರೀಸ್ಟಾರ್ಟ್ ಆಗುವ ಸೆಟ್ಟಿಂಗನ್ನು ತೆಗೆದು, ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುವಂತೆ ಮಾಡಿದೆ. ಟೈಪಿಂಗ್ ಮಾಡುವ ಹುಡುಗಿಗೆ, ಕಂಪ್ಯೂಟರ್ ಹೋದಾಗಲೆಲ್ಲ ಎದುರಿನ ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗಂಟೆಯನ್ನೂ, ಆಗ ಏನು ನಡೆಯುತ್ತಿತ್ತು ಎಂಬುದನ್ನೂ ಎರಡೇ ಪದದಲ್ಲಿ ಬರೆದಿಡಲು ಹೇಳಿದೆ. ‘ಬರೆದರೆ ಸರಿಯಾಗ್ತದಾ ಅಣ್ಣ?’ ಎಂದು ಆಕೆ ನಕ್ಕದ್ದು ನಿಜ. ಆದರೆ ಮೇ 9ರ ಸಂಜೆ ನಾನು ಮತ್ತೆ ಹೋದಾಗ ಆ ಚೌಕಗಳಲ್ಲಿ ತಿಥಿ ನಕ್ಷತ್ರಗಳ ನಡುವೆ ಪೆನ್ಸಿಲಿನ ಹನ್ನೊಂದು ಗುರುತುಗಳಿದ್ದವು. ‘3.40 ಫ್ಲೆಕ್ಸ್’, ‘12.15 ಕರೆಂಟ್’, ‘4.05 ಫ್ಲೆಕ್ಸ್’, ‘11.20 ಸುಮ್ಮನೆ’. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಧನ ಆ ಕ್ಯಾಲೆಂಡರ್.

ಗುರುತುಗಳನ್ನು ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿರುವ ದಾಖಲೆಗಳ ಜೊತೆ ಒಂದೊಂದಾಗಿ ಕೂಡಿಸಿ ನೋಡಿದೆ. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಏಳಬೇಕಾಗಿ ಬಂದಾಗಲೆಲ್ಲ ಅಲ್ಲಿ ‘ಕರ್ನಲ್-ಪವರ್’ ಎಂಬ ಹೆಸರಿನಲ್ಲಿ 41ನೇ ಸಂಖ್ಯೆಯ ಒಂದು ನಮೂದು ಬೀಳುತ್ತದೆ. ಹೆಸರಿನಲ್ಲಿ ‘ಪವರ್’ ಇರುವುದರಿಂದ ಇದನ್ನು ಕಂಡವರು ಎಸ್‌ಎಂಪಿಎಸ್ ಬದಲಾಯಿಸಿಬಿಡುವುದುಂಟು. ಆ ನಮೂದು ಹೇಳುವುದು ಯಂತ್ರ ಹಠಾತ್ತನೆ ನಿಂತಿತು ಎಂಬುದನ್ನಷ್ಟೇ, ಏಕೆ ನಿಂತಿತು ಎಂಬುದನ್ನಲ್ಲ. ಅದರ ವಿವರಗಳ ಹಾಳೆಯನ್ನು ತೆರೆದರೆ ‘ಬಗ್‌ಚೆಕ್ ಕೋಡ್’ ಎಂಬ ಸಾಲಿದೆ. ನೀಲಿ ಪರದೆ ಬಂದಿದ್ದರೆ ಅಲ್ಲಿ ಅದರ ಸಂಖ್ಯೆ ದಶಮಾನದಲ್ಲಿ ಇರುತ್ತದೆ. ವಿಂಡೋಸಿಗೆ ಏನನ್ನೂ ಬರೆದಿಡಲು ಬಿಡುವೇ ಸಿಗದೆ ಯಂತ್ರ ನಿಂತಿದ್ದರೆ ಸೊನ್ನೆ ಇರುತ್ತದೆ.

ಹನ್ನೊಂದರಲ್ಲಿ ನಾಲ್ಕು ಸೊನ್ನೆಯವು, ಮತ್ತು ಆ ನಾಲ್ಕರ ಎದುರೂ ಹುಡುಗಿ ‘ಕರೆಂಟ್’ ಎಂದೇ ಬರೆದಿದ್ದಳು. ಉಳಿದ ಏಳರಲ್ಲಿ ಸಂಖ್ಯೆಗಳಿದ್ದವು: 26 ಎರಡು ಸಲ, 59 ಎರಡು ಸಲ, 80 ಒಂದು ಸಲ, 209 ಎರಡು ಸಲ. ವಿಂಡೋಸಿನ ಭಾಷೆಯಲ್ಲಿ 26 ಎಂದರೆ ‘ಮೆಮೊರಿ ಮ್ಯಾನೇಜ್‌ಮೆಂಟ್’, 59 ‘ಸಿಸ್ಟಮ್ ಸರ್ವಿಸ್ ಎಕ್ಸೆಪ್ಶನ್’, 80 ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, 209 ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ವಿಂಡೋಸ್ ಫೋಲ್ಡರಿನೊಳಗಿನ ಕ್ರ್ಯಾಶ್ ಆದ ಕ್ಷಣದ ವಿವರವಿರುವ ಮಿನಿಡಂಪ್ ಫೈಲುಗಳನ್ನು ತೆರೆದು ನೋಡಿದಾಗ, ಒಂದರಲ್ಲಿ ತಿರುಳಿನ ಫೈಲು, ಇನ್ನೊಂದರಲ್ಲಿ ಡಿಸ್ಕಿನ ಫೈಲುಗಳನ್ನು ನಿರ್ವಹಿಸುವ ಡ್ರೈವರ್, ಮತ್ತೊಂದರಲ್ಲಿ ಪರದೆಯ ಕಿಟಕಿಗಳನ್ನು ಬಿಡಿಸುವ ಭಾಗ, ಹೀಗೆ ಬೇರೆಬೇರೆ ಹೆಸರುಗಳು ಆರೋಪಿಗಳಾಗಿ ನಿಂತಿದ್ದವು. ಹಿಂದಿನ ಮೂರು ಫಾರ್ಮ್ಯಾಟ್‌ಗಳು ಮಾಡಿದ ನಿಜವಾದ ನಷ್ಟ ಇಲ್ಲಿ ತಿಳಿಯಿತು. ಪ್ರತಿಸಲ ವಿಂಡೋಸ್ ಹಾಕಿದಾಗಲೂ ಇಂಥ ದಾಖಲೆಗಳೆಲ್ಲ ಅಳಿಸಿಹೋಗಿದ್ದವು. ಎರಡು ತಿಂಗಳ ಸಾಕ್ಷ್ಯದಲ್ಲಿ ನನಗೆ ಉಳಿದದ್ದು ಕೊನೆಯ ಕೆಲವು ದಿನಗಳದ್ದು ಮಾತ್ರ.

ಕೆಟ್ಟ ಡ್ರೈವರ್ ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಾಗ ಎಲ್ಲ ಕಡೆ ಆರೋಪಿಯಾಗಿ ಕಂಡದ್ದು ಒಂದೇ ಡ್ರೈವರ್. ಆದರೆ ಒಂದೇ ಯಂತ್ರ ಎರಡು ವಾರದಲ್ಲಿ ನಾಲ್ಕು ಬಗೆಯ ಕೋಡ್ ತೋರಿಸಿ, ಪರಸ್ಪರ ಸಂಬಂಧವೇ ಇಲ್ಲದ ಭಾಗಗಳತ್ತ ಬೆರಳು ಮಾಡಿದರೆ, ಆ ಭಾಗಗಳೆಲ್ಲ ನಿಂತಿರುವ ನೆಲವನ್ನೇ, ಅಂದರೆ ರ್‍ಯಾಮನ್ನು, ಮೊದಲು ಸಂಶಯಿಸಬೇಕು. ಈ ತರ್ಕ ಸರಿಯೇ ಇತ್ತು. ಆದರೆ ಅದನ್ನು ಏಳಕ್ಕೆ ಏಳೂ ಕ್ರ್ಯಾಶ್‌ಗಳಿಗೆ ಹಚ್ಚಿ, 209ರ ಎರಡು ನಮೂದುಗಳಲ್ಲಿಯೂ ವೈಫೈ ಡಾಂಗಲಿನ ಡ್ರೈವರ್ ಹೆಸರೇ ಇದ್ದುದನ್ನು ಕಂಡೂ ‘ಇದೂ ಅದರ ಪೈಕಿಯೇ’ ಎಂದು ಬದಿಗಿಟ್ಟದ್ದು ನನ್ನ ತಪ್ಪು.

ಉಳಿದ ಹಾರ್ಡ್‌ವೇರನ್ನು ಬೇಗ ನೋಡಿ ಮುಗಿಸಿದೆ. ಭಾರವಾದ ಕೆಲಸ ಕೊಟ್ಟಾಗಲೂ ಪ್ರೊಸೆಸರಿನ ಬಿಸಿ 70 ಡಿಗ್ರಿ ದಾಟಲಿಲ್ಲ. ಆ ಪ್ರೊಸೆಸರ್ ತಡೆದುಕೊಳ್ಳುವ ಮಿತಿ 100 ಡಿಗ್ರಿ. ಎಸ್‌ಎಸ್‌ಡಿಯ ಆರೋಗ್ಯದ ಅಂಕಿಗಳು ಸರಿಯಿದ್ದವು. ಎಸ್‌ಎಂಪಿಎಸ್‌ನ 12 ವೋಲ್ಟ್ ತಂತಿ ಮಲ್ಟಿಮೀಟರಿನಲ್ಲಿ 11.9 ತೋರಿಸಿತು, ನಿಯಮದ ಪ್ರಕಾರ ಶೇಕಡ 5ರಷ್ಟು ಹೆಚ್ಚುಕಡಿಮೆಗೆ, ಅಂದರೆ 11.4ರಿಂದ 12.6ರವರೆಗೆ ಅವಕಾಶವಿದೆ.

ರ್‍ಯಾಮಿನ ವಿಷಯದಲ್ಲಿ ಒಂದು ಹಳೆಯ ಉಪಚಾರ ಈಗಾಗಲೇ ನಡೆದಿತ್ತು: ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸುವುದು. ಮಲೆನಾಡಿನ ತೇವದಲ್ಲಿ ಈ ಉಪಚಾರದಿಂದ ಎದ್ದು ಕೂತ ಕಂಪ್ಯೂಟರುಗಳನ್ನು ನಾನೂ ಸಾಕಷ್ಟು ಕಂಡಿದ್ದೇನೆ, ಆದರೂ ಉಜ್ಜಿದಷ್ಟೂ ಲೇಪ ಸವೆಯುವುದರಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯೇ ಲೇಸು. ಇಲ್ಲಿ ಉಜ್ಜಿದ ಮೇಲೆ ಎರಡು ದಿನ ಕ್ರ್ಯಾಶ್ ಆಗಲಿಲ್ಲವೆಂಬ ಕಾರಣಕ್ಕೆ ರ್‍ಯಾಮ್ ನಿರ್ದೋಷಿ ಎಂದು ತೀರ್ಮಾನವಾಗಿತ್ತು. ಅದಕ್ಕೆ ಪೂರಕವಾಗಿ, ವಿಂಡೋಸಿನಲ್ಲೇ ಇರುವ ಮೆಮೊರಿ ಪರೀಕ್ಷೆಯನ್ನು ಯಾರೋ ಒಮ್ಮೆ ಓಡಿಸಿದ್ದು, ಅದೂ ‘ದೋಷವಿಲ್ಲ’ ಎಂದಿತ್ತು. ಆ ಪರೀಕ್ಷೆ ನಾವಾಗಿ ಬದಲಾಯಿಸದಿದ್ದರೆ ಸ್ಟ್ಯಾಂಡರ್ಡ್ ಬಗೆಯಲ್ಲಿ ಎರಡು ಸುತ್ತು ಮಾತ್ರ ಓಡುತ್ತದೆ. ಅದು ದೋಷ ತೋರಿಸಿದರೆ ನಂಬಬಹುದು, ತೋರಿಸದಿದ್ದರೆ ನಿಶ್ಚಿಂತೆಯಿಂದ ಕೂರಲಾಗದು.

ಮೇ 9ರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಮೆಮ್‌ಟೆಸ್ಟ್86+ ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಬೂಟ್ ಮಾಡಿ, ವಿಂಡೋಸಿನ ನೆರವಿಲ್ಲದೆ ರ್‍ಯಾಮನ್ನು ನೇರವಾಗಿ ಪರೀಕ್ಷಿಸಲು ಬಿಟ್ಟು ಬಂದೆ. ಮೊದಲ ಸುತ್ತು ನಾನಿರುವಾಗಲೇ ಯಾವ ದೋಷವೂ ಇಲ್ಲದೆ ಮುಗಿಯಿತು. ಅಲ್ಲಿಗೇ ಬಿಟ್ಟಿದ್ದರೆ ನಾನೂ ಮೋಸಹೋಗುತ್ತಿದ್ದೆ. ಬೆಳಿಗ್ಗೆ ಶಟರ್ ಎತ್ತಿದಾಗ ಪರದೆಯ ಕೆಳಭಾಗದಲ್ಲಿ ಹದಿನಾಲ್ಕು ಕೆಂಪು ಸಾಲುಗಳಿದ್ದವು. ಎಲ್ಲ ಸಾಲುಗಳ ವಿಳಾಸವೂ ಹತ್ತಿರಹತ್ತಿರದ್ದು, ಎಲ್ಲದರಲ್ಲೂ ತಪ್ಪಿದ್ದು ಒಂದೇ ಬಿಟ್, ಅಂದರೆ 0 ಅಥವಾ 1 ಇರುವ ಒಂದೇ ಸ್ಥಾನ: 4ರ ಬೆಲೆಯ ಸ್ಥಾನದಲ್ಲಿ 1 ಇರಬೇಕಾದ ಕಡೆ 0. ಅಂದರೆ ಆ ಜಾಗದಲ್ಲಿ 69 ಎಂದು ಬರೆದಿಟ್ಟರೆ, ಓದುವಾಗ 65 ಎಂದು ಬರುತ್ತದೆ. ಆ ಸಂಖ್ಯೆ ಚಿತ್ರದ ಒಂದು ಚುಕ್ಕೆಯ ಬಣ್ಣವಾಗಿದ್ದರೆ ಯಾರ ಕಣ್ಣಿಗೂ ಬೀಳದು. ತಿರುಳು ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವ ವಿಳಾಸವಾಗಿದ್ದರೆ ಯಂತ್ರ ಆ ಕ್ಷಣವೇ ಬೀಳುತ್ತದೆ.

ರ್‍ಯಾಮಿನ ಪ್ರತಿ ಕೋಶವೂ ಒಂದು ಚಿಕ್ಕ ಕೆಪಾಸಿಟರ್. ಅದರಲ್ಲಿ ತುಂಬಿದ ವಿದ್ಯುತ್ತು ಸದಾ ಸೋರುತ್ತಲೇ ಇರುವುದರಿಂದ, ಸಾಮಾನ್ಯ ತಾಪದಲ್ಲಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಅದನ್ನು ಓದಿ ಮತ್ತೆ ತುಂಬುವ ವ್ಯವಸ್ಥೆಯಿದೆ. ಒಂದು ಕೋಶ ಉಳಿದವಕ್ಕಿಂತ ಹೆಚ್ಚು ಸೋರುತ್ತಿದ್ದರೆ ತಣ್ಣಗಿರುವಾಗ ಹೇಗೋ ಸಂಭಾಳಿಸುತ್ತದೆ, ಬಿಸಿಯೇರಿದಾಗ ಸೋರಿಕೆ ಹೆಚ್ಚಿ ಮರುತುಂಬುವ ಮೊದಲೇ ಬರಿದಾಗುತ್ತದೆ. ಮೊದಲ ಸುತ್ತಿನಲ್ಲಿ ದೋಷ ಕಾಣದೆ ಆಮೇಲೆ ಕಂಡದ್ದಕ್ಕೂ, ಕ್ಯಾಲೆಂಡರಿನಲ್ಲಿ ‘ಫ್ಲೆಕ್ಸ್’ ಎಂದಿದ್ದ ಗುರುತುಗಳೆಲ್ಲ ಮಧ್ಯಾಹ್ನದ ಮೇಲಿನವಾಗಿದ್ದುದಕ್ಕೂ ಇದು ಹೊಂದುತ್ತದೆ. ಹೊಸದಾಗಿ ವಿಂಡೋಸ್ ಹಾಕಿದ ದಿನಗಳಲ್ಲಿ ಯಂತ್ರ ಸುಮ್ಮನಿದ್ದುದೂ ಇದರಿಂದಲೇ ಅರ್ಥವಾಗುತ್ತದೆ: ಆಗ 16 ಜಿಬಿಯಲ್ಲಿ ಬಹುಪಾಲು ಖಾಲಿಯಿದ್ದು, ಆ ಕೆಲವು ಕೋಶಗಳಲ್ಲಿ ಮುಖ್ಯವಾದದ್ದೇನೂ ಇರುವ ಸಂಭವ ಕಡಿಮೆ; ಕೋರೆಲ್‌ಡ್ರಾದಲ್ಲಿ ದೊಡ್ಡ ಬ್ಯಾನರ್ ತೆರೆದು ರ್‍ಯಾಮ್ ತುಂಬತೊಡಗಿದಾಗ ಆ ಸಂಭವ ಏರುತ್ತದೆ. ಮನೆ-ಅಂಗಡಿಗಳ ಇಂಥ ಕಂಪ್ಯೂಟರುಗಳಲ್ಲಿರುವ ರ್‍ಯಾಮಿಗೆ ಇಂಥ ತಪ್ಪನ್ನು ತಾನೇ ಗುರುತಿಸುವ ಶಕ್ತಿಯಿಲ್ಲ. ಸರ್ವರ್‌ಗಳ ಇಸಿಸಿ ರ್‍ಯಾಮಿನಲ್ಲಿ ಪ್ರತಿ 64 ಬಿಟ್‌ಗೆ ಇನ್ನೂ 8 ಬಿಟ್ ಸೇರಿಸಿ ಒಂದು ಬಿಟ್ಟಿನ ತಪ್ಪನ್ನು ತಿದ್ದಿಕೊಳ್ಳುತ್ತಾರೆ. ನಮ್ಮದರಲ್ಲಿ ತಪ್ಪು ಸದ್ದಿಲ್ಲದೆ ಮುಂದೆ ಸಾಗುತ್ತದೆ.

ದೋಷ ರ್‍ಯಾಮ್ ಸ್ಟಿಕ್ಕಿನದೋ ಅದನ್ನು ಕೂರಿಸುವ ಸ್ಲಾಟಿನದೋ ಎಂಬ ಪ್ರಶ್ನೆ ಉಳಿದಿತ್ತು. ಮೇ 11ರ ಭಾನುವಾರ ಒಂದೊಂದೇ ಸ್ಟಿಕ್ಕನ್ನು ಎರಡೂ ಸ್ಲಾಟ್‌ಗಳಲ್ಲಿ ಬೇರೆಬೇರೆಯಾಗಿ ಹಾಕಿ ಓಡಿಸಿದೆ. ಹಳೆಯ ಸ್ಟಿಕ್ ಎರಡೂ ಕಡೆ ಪಾಸಾಯಿತು, ಫೆಬ್ರುವರಿಯಲ್ಲಿ ಬಂದದ್ದು ಎರಡೂ ಕಡೆ ಕೆಂಪು ಸಾಲು ತೋರಿಸಿತು. ಅದರ ಮೇಲೆ 3200 ಎಂದು ಬರೆದಿದ್ದರೂ ಈ ಬೋರ್ಡಿನಲ್ಲಿ ಅದು ಓಡುತ್ತಿದ್ದದ್ದು 2666ರ ವೇಗದಲ್ಲಿ, ಆದ್ದರಿಂದ ಮಿತಿಮೀರಿ ಓಡಿಸಿದ್ದರ ಫಲವೆನ್ನಲೂ ಬರುವುದಿಲ್ಲ. ಅದನ್ನು ತೆಗೆದಿಟ್ಟು, ಬಿಲ್ ಹುಡುಕಿಸಿ, ವಾರಂಟಿಗೆ ಕಳಿಸಿದೆವು. ಕೆಟ್ಟ ರ್‍ಯಾಮಿನ ಮೂಲಕ ಹಾದು ಡಿಸ್ಕಿಗೆ ಬರೆಯಲ್ಪಟ್ಟ ಫೈಲುಗಳೂ ಕೆಟ್ಟಿರಬಹುದಾದ್ದರಿಂದ, ರ್‍ಯಾಮ್ ಸರಿಯಾಯಿತೆಂದು ಖಚಿತವಾದ ಮೇಲೆ, ಮೊದಲೇ ಅಲ್ಲ, ವಿಂಡೋಸಿನ ಸಿಸ್ಟಮ್ ಫೈಲ್ ಚೆಕರನ್ನು ಓಡಿಸಿದೆ. ಅದು ಕೆಟ್ಟ ಕೆಲವು ಫೈಲುಗಳನ್ನು ಕಂಡು ಸರಿಪಡಿಸಿತು. ಏಪ್ರಿಲಿನ ಒಂದು ಲಗ್ನಪತ್ರಿಕೆಯಲ್ಲಿ ವರನ ಊರಿನ ಹೆಸರು ತಪ್ಪಾಗಿ ಅಚ್ಚಾಗಿದ್ದಕ್ಕೂ ರ್‍ಯಾಮೇ ಕಾರಣವಿರಬಹುದೇ ಎಂದು ಯಜಮಾನರು ಆಸೆಯಿಂದ ಕೇಳಿದರು. ಹಾಗೆ ಹೇಳಲು ನನ್ನ ಬಳಿ ಆಧಾರವಿರಲಿಲ್ಲ. ಕಾಗುಣಿತ ತಪ್ಪಿಸಲು ಮನುಷ್ಯರೇ ಸಾಕು.

ಕರೆಂಟಿನ ನಾಲ್ಕು ಗುರುತುಗಳನ್ನು ಅದಕ್ಕೂ ಹಿಂದಿನ ದಿನ, ಶನಿವಾರವೇ, ಬಗೆಹರಿಸಿದ್ದೆ. ಮೇ ತಿಂಗಳ ಗುಡುಗು-ಮಳೆಗೆ ನಮ್ಮಲ್ಲಿ ದಿನಕ್ಕೊಮ್ಮೆಯಾದರೂ ಕರೆಂಟ್ ಹೋಗುತ್ತದೆ. ಆದರೂ ಇನ್ವರ್ಟರ್ ಇರುವ ಅಂಗಡಿಯಲ್ಲಿ ಕಂಪ್ಯೂಟರ್ ಆಫ್ ಆಗಬೇಕಾದ ಕಾರಣವಿರಲಿಲ್ಲ, ಹಿಂದೆ ಆಗುತ್ತಲೂ ಇರಲಿಲ್ಲ. ಇನ್ವರ್ಟರಿನ ಬೆನ್ನಿಗಿದ್ದ ಸಣ್ಣ ಸ್ವಿಚ್ಚು ‘ಯುಪಿಎಸ್’ ಬದಲು ‘ನಾರ್ಮಲ್’ ಕಡೆಗಿತ್ತು. ಬ್ಯಾಟರಿ ಬದಲಾಯಿಸುವಾಗ ಯಾರದೋ ಕೈ ತಾಗಿರಬೇಕು. ನಾರ್ಮಲ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ದಾಟಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಫ್ಯಾನು ದೀಪಗಳಿಗೆ ಅದು ಲೆಕ್ಕಕ್ಕಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಪೂರ್ತಿ ಭಾರದಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳಬೇಕೆಂದು ನಿಗದಿಯಾಗಿರುವುದು ಸುಮಾರು 16-17 ಮಿಲಿಸೆಕೆಂಡ್, ಅಂದರೆ ನಮ್ಮ 50 ಹರ್ಟ್ಸ್ ಲೈನಿನ ಒಂದು ಆವರ್ತಕ್ಕಿಂತಲೂ ಕಡಿಮೆ. ಮೇನ್ ಸ್ವಿಚ್ಚನ್ನು ಐದು ಸಲ ಇಳಿಸಿ ನೋಡಿದಾಗ ಮೂರು ಸಲ ಯಂತ್ರ ರೀಸ್ಟಾರ್ಟ್ ಆಯಿತು. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿ ಹತ್ತು ಸಲ ಇಳಿಸಿದರೂ ಒಮ್ಮೆಯೂ ಆಗಲಿಲ್ಲ.

ಪ್ರಕರಣ ಮುಗಿಯಿತೆಂದುಕೊಂಡು ಬಿಲ್ ಬರೆದುಕೊಟ್ಟೆ. ಮೇ 15ರಂದು ಮತ್ತೆ ಫೋನ್ ಬಂತು, 19ರಂದು ಇನ್ನೊಮ್ಮೆ. ಎರಡು ಸಲವೂ 209, ಎರಡು ಸಲವೂ ಡಾಂಗಲಿನ ಡ್ರೈವರ್. ಕ್ಯಾಲೆಂಡರಿನ ‘ಸುಮ್ಮನೆ’ ಎಂಬ ಗುರುತುಗಳು ಆಗ ನೆನಪಾಗಿ, ನಾನು ರ್‍ಯಾಮಿನ ರಾಶಿಗೆ ಸೇರಿಸಿಬಿಟ್ಟಿದ್ದ ಹಿಂದಿನ ಎರಡು 209ಗಳನ್ನು ಮತ್ತೆ ತೆಗೆದು ನೋಡಿದೆ. ಅವು ಆಗಿದ್ದ ವೇಳೆಯಲ್ಲಿ ಕೋರೆಲ್‌ಡ್ರಾ ತೆರೆದೇ ಇರಲಿಲ್ಲ. ಈವೆಂಟ್ ವ್ಯೂವರ್‌ನಲ್ಲಿ ಅವುಗಳ ಸ್ವಲ್ಪ ಮೊದಲು ವೈಫೈ ಕಡಿದು ಮತ್ತೆ ಜೋಡಣೆಯಾದ ನಮೂದುಗಳಿದ್ದವು. ಹಿಂದಿನ ಕೋಣೆಯ ರೂಟರಿಗೂ ಮುಂದಿನ ಮೇಜಿಗೂ ನಡುವೆ ಕಲ್ಲಿನ ಗೋಡೆಯಿದ್ದು, ಸಿಗ್ನಲ್ ಹೋಗಿ ಬರುತ್ತಿತ್ತು.

209ರ ಅರ್ಥವನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ಡ್ರೈವರ್‌ಗಳು ಕೆಲವು ತುರ್ತು ಕೆಲಸಗಳನ್ನು ಮೇಲಿನ ದರ್ಜೆಯಲ್ಲಿ ಮಾಡುತ್ತವೆ. ಆ ದರ್ಜೆಯಲ್ಲಿರುವಾಗ ಡಿಸ್ಕಿನಿಂದ ಏನನ್ನೂ ತರಿಸಿಕೊಳ್ಳುವಂತಿಲ್ಲ, ಬೇಕಾದದ್ದೆಲ್ಲ ರ್‍ಯಾಮಿನಲ್ಲಿ ಕೈಗೆ ಸಿಗುವಂತಿರಬೇಕು. ಅಂಥ ಹೊತ್ತಿನಲ್ಲಿ ಡ್ರೈವರ್ ಅಲ್ಲಿಲ್ಲದ ಜಾಗಕ್ಕೆ ಕೈಹಾಕಿದರೆ ವಿಂಡೋಸ್ ಮುಂದುವರಿಯಲಾರದೆ ನಿಲ್ಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ವಿಂಡೋಸ್ 2000ದ ಕಾಲದಿಂದಲೂ ಜೊತೆಗೇ ಬರುತ್ತಿರುವ ಡ್ರೈವರ್ ವೆರಿಫೈಯರ್ ಎಂಬ ಸಾಧನವನ್ನು, ಮೈಕ್ರೋಸಾಫ್ಟಿನವಲ್ಲದ ಡ್ರೈವರ್‌ಗಳ ಮೇಲೆ ಮಾತ್ರ, ಮೆಮೊರಿಯನ್ನು ತಪ್ಪಾಗಿ ಮುಟ್ಟಿದರೆ ಹಿಡಿಯುವ ಸ್ಪೆಷಲ್ ಪೂಲ್ ಆಯ್ಕೆಯೊಂದಿಗೆ ಹಚ್ಚಿದೆ. ಇದು ಡ್ರೈವರ್‌ಗಳ ಹಿಂದೆ ಕಾವಲು ನಿಂತು, ಸಣ್ಣ ತಪ್ಪಾದರೂ ಆ ಕ್ಷಣವೇ ಯಂತ್ರವನ್ನು ಬೀಳಿಸುತ್ತದೆ. ರ್‍ಯಾಮ್ ಸರಿಯಿದೆಯೆಂದು ಖಾತ್ರಿಯಾಗುವ ಮೊದಲು ಇದನ್ನು ಹಚ್ಚಿದರೆ ನಿರಪರಾಧಿ ಡ್ರೈವರ್‌ಗಳು ಸಿಕ್ಕಿಬೀಳುತ್ತವೆ. ಬೂಟ್ ಆಗುವಾಗಲೇ ಬಿದ್ದು ಬಿದ್ದು ಏಳುವ ಸ್ಥಿತಿಗೂ ಯಂತ್ರ ತಲುಪಬಹುದಾದ್ದರಿಂದ, ಮುಂಚಿತವಾಗಿ ರಿಸ್ಟೋರ್ ಪಾಯಿಂಟ್ ಮಾಡಿ, ಸೇಫ್ ಮೋಡ್‌ಗೆ ಹೋಗಿ ವೆರಿಫೈಯರನ್ನು ರೀಸೆಟ್ ಮಾಡುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ.

ಹಿಂದಿನ ಕೋಣೆಗೆ ಹೋಗಿ ರೂಟರನ್ನು ಆಫ್ ಮಾಡಿ ಆನ್ ಮಾಡಿದೆ. ನಾಲ್ಕನೇ ಸಲಕ್ಕೆ ಮುಂದಿನಿಂದ ಹುಡುಗಿ ‘ಹೋಯ್ತು ಅಣ್ಣ’ ಎಂದು ಕೂಗಿದಳು. ಈ ಬಾರಿಯ ಸಂಖ್ಯೆ 213: ತಾನು ಈಗಾಗಲೇ ಹಿಂದಿರುಗಿಸಿದ ಮೆಮೊರಿಯನ್ನು ಡ್ರೈವರ್ ಮತ್ತೆ ಮುಟ್ಟಿದೆ ಎಂಬ ಅರ್ಥದ ಕೋಡ್. ಬಾಡಿಗೆ ಮನೆ ಬಿಟ್ಟವನು ಹಳೆಯ ಕೀಲಿಕೈ ಇಟ್ಟುಕೊಂಡು ಒಳಗೆ ನುಗ್ಗಿದ ಹಾಗೆ. ಮನೆ ಇನ್ನೂ ಖಾಲಿಯಿದ್ದರೆ ಗೊತ್ತಾಗುವುದಿಲ್ಲ, ಬೇರೆಯವರು ಬಂದಿದ್ದರೆ ರಂಪ. ಸಂಪರ್ಕ ಕಡಿದಾಗಲೆಲ್ಲ ಈ ತಪ್ಪು ನಡೆಯುತ್ತಿದ್ದರೂ ಯಂತ್ರ ಕೆಲವೊಮ್ಮೆ ಮಾತ್ರ ಬೀಳುತ್ತಿದ್ದದ್ದು ಹೀಗೆ.

ಡಾಂಗಲಿನ ಜೊತೆ ಬಂದಿದ್ದ ಸಣ್ಣ ಸಿಡಿಯಲ್ಲಿದ್ದ ಡ್ರೈವರ್ ಹಳೆಯದು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಹಾರ್ಡ್‌ವೇರ್ ಐಡಿ ನೋಡಿ, ಒಳಗಿನ ಚಿಪ್ ಯಾವುದೆಂದು ಗುರುತಿಸಿ, ಹೊಸ ಡ್ರೈವರ್ ಹುಡುಕುವ ದಾರಿಯೊಂದಿತ್ತು. ಆದರೆ ಮೇಜಿನಿಂದ ಅಲ್ಲಾಡದ ಕಂಪ್ಯೂಟರಿಗೆ ವೈಫೈ ಏತಕ್ಕೆ ಎಂದು ನನಗೆ ಅನ್ನಿಸಿತು. ಡ್ರೈವರನ್ನು ಅದರ ಫೈಲುಗಳ ಸಮೇತ ಅಳಿಸಿ, ವೆರಿಫೈಯರನ್ನು ರೀಸೆಟ್ ಮಾಡಿ, ಕಿಟಕಿಯ ಚೌಕಟ್ಟಿನ ಗುಂಟ 12 ಮೀಟರ್ ಲ್ಯಾನ್ ಕೇಬಲ್ ಎಳೆದು ಮದರ್‌ಬೋರ್ಡಿನ ಪೋರ್ಟಿಗೇ ಜೋಡಿಸಿದೆ. ಮೇ ಕೊನೆಗೆ ವಾರಂಟಿಯ ಬದಲಿ ರ್‍ಯಾಮ್ ಬಂತು. ಅದನ್ನೂ ಒಂದು ರಾತ್ರಿ ಮೆಮ್‌ಟೆಸ್ಟ್‌ನಲ್ಲಿ ಓಡಿಸಿದ ಮೇಲೆಯೇ ಕೆಲಸಕ್ಕೆ ಹಚ್ಚಿದೆ. ಜೂನ್ ಪೂರ್ತಿ ಮತ್ತು ಜುಲೈ ಅರ್ಧದವರೆಗೆ, ಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದ ವಾರಗಳಲ್ಲೂ, ಈವೆಂಟ್ ವ್ಯೂವರಿನಲ್ಲಿ 41ರ ಹೊಸ ನಮೂದು ಬೀಳಲಿಲ್ಲ.

ಡಾಂಗಲನ್ನು ಎಸೆಯಲು ಯಜಮಾನರಿಗೆ ಮನಸ್ಸಾಗಲಿಲ್ಲ. ‘ಯಾವ ಕಂಪ್ಯೂಟರಿಗೂ ಹಾಕಬೇಡಿ’ ಎಂದು ಮಾರ್ಕರ್ ಪೆನ್ನಿನಿಂದ ಬರೆದ ಕವರಿನೊಳಗೆ ಅದು ಈಗಲೂ ಮೇಜಿನ ಡ್ರಾಯರಿನಲ್ಲಿದೆ.